ಭಟ್ಟಿ ಮೇಸ್ತ್ರಿಗೆ ದುಪ್ಪಟ್ಟು ಸಂಬಳ

ಲುಸಾಕಾ
7 ಮಾರ್ಚ್ 1993

ಕಸಾಮಾ ನಗರದ ಮಹಾಜನಗಳೇ, ಬೆಂಬಾ ಕುಲದ ಹಿರಿಯರೇ, ಕೋತಿ ಮಾಂಸದ ರಸಿಕರೇ, ಮನೆ ಮುಂದಿನ ಬೆಂಚಿನ ಮೇಲೆ ಕೂತು ಈ ಕಾಗದವನ್ನು ಗಟ್ಟಿಯಾಗಿ ಓದಿಸಿಕೊಳ್ಳುತ್ತಿರುವ ಸಭಿಕರೇ,

ಅಂಗೋನಿ ದಂಡಿನ ಸೇನಾಧಿಪತಿ, ಸದ್ಯಕ್ಕೆ ಬ್ರೆಡ್ ಕಾರ್ಖಾನೆಯೊಂದರ ಉಗ್ರಾಣ ಕಾಯುವ ಯೋಟಾಮ್ ಜೇರೆ ಎಂಬುವನು ಈ ಮೂಲಕ ಸಾರುವುದೇನೆಂದರೆ:

ನಿಮ್ಮಲ್ಲಿ ಲೊಂಬೆ ಕಸೊಂಡೆ ಎಂಬ ಭಟ್ಟಿ ಮೇಸ್ತ್ರಿ ಒಬ್ಬನಿದ್ದಾನೆ. ಅವನು ಬೇಯಿಸಿದ ಬ್ರೆಡ್ಡನ್ನು ನಾನು ಹನ್ನೊಂದು ವರ್ಷ ವ್ಯಾನಿನಲ್ಲಿ ತುಂಬಿಕೊಂಡು ಊರೂರಿಗೆ ಹಂಚಿದ್ದೇನೆ. ಸುಟ್ಟದ್ದನ್ನು ಕೆಳಗಿಟ್ಟು, ಸುಡದೆ ಉಳಿದದ್ದನ್ನು ಮೇಲಿಟ್ಟು ಮಾರುವ ಅವನ ಕಲೆ ನನಗೆ ಗೊತ್ತು. ಆದರೂ ದೊಡ್ಡ ಮನಸ್ಸು ಮಾಡಿ ಹೇಳುತ್ತಿದ್ದೇನೆ. ನಮ್ಮ ಕಾರ್ಖಾನೆಯ ಮುಖ್ಯ ಮೇಸ್ತ್ರಿ ಬೋಟ್ಸ್ವಾನಾಕ್ಕೆ ಹಾರಿದ್ದಾನೆ. ಮ್ಯಾನೇಜರು ನನ್ನನ್ನು ಕರೆದು, "ಜೇರೆ, ಭಟ್ಟಿ ಮುಂದೆ ನಿಲ್ಲೋಕೆ ನಂಬಿಕಸ್ತ ಮನುಷ್ಯ ಯಾರಾದ್ರೂ ಇದ್ದಾರಾ?" ಎಂದರು. "ಮನುಷ್ಯ ಅಂತ ಹೇಳೋಕಾಗಲ್ಲ ಸಾರ್, ಬೆಂಬಾದವನು ಒಬ್ಬ ಇದ್ದಾನೆ" ಎಂದೆ. ಅವರು ನಕ್ಕರು. ನಕ್ಕರೆ ಅರ್ಧ ಕೆಲಸ ಆದ ಹಾಗೆ.

ಲೊಂಬೆ, ಈಗ ನಿನಗೆ ಬರುತ್ತಿರುವುದರ ದುಪ್ಪಟ್ಟು ಸಂಬಳ. ಮಟೇರೋ ಬಡಾವಣೆಯಲ್ಲಿ ಕಂಪನಿಯದೇ ಮನೆ, ನಮ್ಮ ಸಾಲಿನಲ್ಲೇ, ಮೂರು ಬಾಗಿಲು ಆಚೆ. ಸಂಸಾರ ಸಮೇತ ಬರಬೇಕು, ಒಂಟಿ ಗಂಡಸರು ಹೆಚ್ಚು ದಿನ ನಿಲ್ಲುವುದಿಲ್ಲ ಎಂದು ಮ್ಯಾನೇಜರ ಅನುಭವ. ಜುಲೈ ಕೊನೆಯವರೆಗೆ ಜಾಗ ಹಿಡಿದಿಡುತ್ತಾರಂತೆ.

ನಮ್ಮ ಮನೆಯವಳು ಮೆಲಿಯಾ ನಿನ್ನ ಹೆಂಡತಿಯನ್ನು ಕೇಳಿದ್ದಾಳೆ ಎಂದು ಹೇಳು. "ಆ ನಗುಬುರುಕಿ ಬಂದ್ರೆ ಈ ಊರು ಸ್ವಲ್ಪ ಊರಾಗತ್ತೆ" ಅನ್ನುತ್ತಾಳೆ.

ಭಟ್ಟಿಯ ಮುಂದೆ ಬೆವರಿದ್ದು ಸಾಕು, ಬುಟ್ಟಿ ಕಟ್ಟಿಕೊ ಕೋತಿ;
ಪಟ್ಟಣ ಸೇರಿ ಮನುಷ್ಯನಾಗು, ಇದು ಅಂಗೋನಿ ನೀತಿ.

ಯೋಟಾಮ್


ಕಸಾಮಾ
22 ಮಾರ್ಚ್ 1993

ಇಲಿ ಹಿಡಿಯುವವರ ಸೇನಾಧಿಪತಿಗೆ,

ನಿನ್ನ ಅಂಗೋನಿ ಅಜ್ಜಂದಿರೂ ನನ್ನ ಬೆಂಬಾ ಅಜ್ಜಂದಿರೂ ಈಟಿ ಹಿಡಿದು ಹೊಡೆದಾಡಿ ಸುಸ್ತಾಗಿ, ಇನ್ನು ಮುಂದೆ ಬಾಯಲ್ಲೇ ಹೊಡೆದಾಡೋಣ ಎಂದು ಒಪ್ಪಿಕೊಂಡರು. ಆ ಬೈಗುಳದ ನೆಂಟಸ್ತಿಕೆಯ ಪ್ರಕಾರ ನೀನು ಏನಂದರೂ ನಾನು ಸಿಟ್ಟಾಗುವಂತಿಲ್ಲ. ಆದ್ದರಿಂದ ಸುಟ್ಟ ಬ್ರೆಡ್ಡಿನ ಮಾತನ್ನು ನುಂಗಿಕೊಂಡಿದ್ದೇನೆ. ಇಲಿ ನುಂಗುವುದಕ್ಕಿಂತ ಸುಲಭ.

ನಿನ್ನ ಕಾಗದ ಬಂದಾಗ ನಾನು ಭಟ್ಟಿ ಮುಂದೆ ಇದ್ದೆ, ಮೊಣಕೈವರೆಗೆ ಹಿಟ್ಟು. ನಮ್ಮ ಯಜಮಾನರು ನನ್ನನ್ನು ಸುಲಭಕ್ಕೆ ಬಿಡುವವರಲ್ಲ, ಅದು ನಿನಗೂ ಗೊತ್ತು. ಹಾಗಾಗಿ ಎಲ್ಲವನ್ನೂ ತೂಗಿ ನೋಡಿಯೇ ಉತ್ತರ ಹೇಳಬೇಕು. ಅವಸರವೇನಿಲ್ಲ.

ನಿಮ್ಮ ನಗುಬುರುಕಿ ಚಿಲುಫ್ಯಾ ಮಾತ್ರ ತೂಗಲು ಕೂತಿದ್ದಾಳೆ. ಕಾಗದ ಓದಿ ಮುಗಿಸುವ ಮೊದಲೇ ಕೇಳಿದಳು.

"ಚೊಲಾಳ ಅಪ್ಪ, ಎರಡು ಪಟ್ಟು ಸಂಬಳ ಅಂತಾನಲ್ಲ ನಿಮ್ಮ ನೆಂಟ, ಅಲ್ಲಿ ನನಗೆ ಗಂಡ ಎಷ್ಟು ಪಟ್ಟು ಸಿಗ್ತಾನೆ? ಇಡೀ ಸಿಗ್ತಾನಾ, ಅರ್ಧ ಸಿಗ್ತಾನಾ? ಅದನ್ನ ಕೇಳಿ ಬರೀರಿ."

ಕೇಳಿದ್ದೇನೆ. ಇನ್ನೊಂದು ದೊಡ್ಡ ತೊಡಕು ಅತ್ತೆಯದು. ತಾಯಿಯನ್ನು ಬಿಟ್ಟು ಚಿಲುಫ್ಯಾ ಬರುವುದಿಲ್ಲ. ಅತ್ತೆಯೋ ಅಳಿಯನನ್ನು ಒಳಕರೆಯುವ ಶಾಸ್ತ್ರವನ್ನು ಇವತ್ತಿಗೂ ಮಾಡಿಲ್ಲ. ಮದುವೆಯಾಗಿ ಹದಿಮೂರು ವರ್ಷ ಆಯಿತು, ಅವರು ನನಗೆ ಮುಖ ಕೊಟ್ಟು ಮಾತಾಡಿಲ್ಲ, ನಾನು ಅವರೆದುರು ಒಂದು ತುತ್ತು ಉಂಡಿಲ್ಲ. ಇಲ್ಲಿ ಹಿತ್ತಲಿನಾಚೆ ಅವರ ಗುಡಿಸಲು ಬೇರೆ ಇದೆ. ಅವರು ಬಾವಿಗೆ ಹೊರಟರೆ ನಾನು ಬಾಳೆಗಿಡದ ಹಿಂದೆ, ನಾನು ಹೊರಟರೆ ಅವರು ಬಾಗಿಲ ಹಿಂದೆ. ನಿನ್ನ ಮಟೇರೋದಲ್ಲಿ ಬಾಳೆಗಿಡ ಇದೆಯೆ?

ಕೋಣೆ ಎಷ್ಟು, ನೀರು ಎಲ್ಲಿ, ಚೊಲಾಳಿಗೆ ಶಾಲೆ ಯಾವುದು, ಸರಿಯಾಗಿ ಬರೆ. ಮೆಲಿಯಾಗೆ ಚಿಲುಫ್ಯಾ ಹೇಳಿಕಳಿಸಿದ್ದು: "ಗಂಡಸರ ಕಾಗದದಲ್ಲಿ ಇದ್ದಿಲಿನ ಬೆಲೆ ಇರಲ್ಲ. ನೀನೇ ಕೈಯ್ಯಾರೆ ನಾಲ್ಕು ಸಾಲು ಬರಿ ತಾಯಿ."

ಇಲಿ ತಿಂದ ಬಾಯಿಗೆ ಬ್ರೆಡ್ಡಿನ ರುಚಿ ತಿಳಿಯದು,
ಪೇಟೆ ಸೇರಿದ ತಲೆಗೆ ಹಳೆಯ ಸ್ನೇಹ ಹೊಳೆಯದು.

ಲೊಂಬೆ


ಲುಸಾಕಾ
11 ಏಪ್ರಿಲ್ 1993

ಬಾಳೆಗಿಡದ ಹಿಂದೆ ಅಡಗಿರುವ ಮಹಾವೀರನಿಗೆ,

ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದೇನೆ. ಅತ್ತೆಯನ್ನೂ ಕೂರಿಸಿಕೊಂಡು ಓದು. ಬಾಗಿಲ ಹಿಂದಿನಿಂದಲೇ ಕೇಳಲಿ.

ಕೋಣೆ ಎರಡು, ಕಿಟಕಿ ಒಂದೇ;
ಅತ್ತೆ ಹಿಂದೆ, ಅಳಿಯ ಮುಂದೆ.

ನಡುವಿನ ಗೋಡೆ ಎಷ್ಟು ದಪ್ಪ ಎಂದರೆ, ಆಚೆ ಕೋಣೆಯಲ್ಲಿ ನೀನು ಮನಸ್ಸಿನಲ್ಲಿ ಅಂದುಕೊಂಡದ್ದು ಈಚೆಗೆ ಕೇಳಿಸುತ್ತದೆ. ನಿನ್ನ ಅತ್ತೆ ಮರ್ಯಾದಸ್ಥೆ, ಇಲ್ಲಿಗೆ ಬಂದರೆ ಅಳಿಯನ ಮುಖ ನೋಡಬಾರದೆಂದು ಹಗಲಿಡೀ ಕಣ್ಣು ಮುಚ್ಚಿಕೊಂಡಿರಬೇಕಾದೀತು.

ನಲ್ಲಿ ಇದೆ, ನೀರಿಲ್ಲ; ದೀಪ ಇದೆ, ಬೆಳಕಿಲ್ಲ;
ನೆರೆಮನೆ ಇದೆ, ನೆರೆಯವರ ಹೆಸರು ಇನ್ನೂ ಗೊತ್ತಿಲ್ಲ.

ಶಾಲೆಯಲ್ಲಿ ಮಕ್ಕಳು ಎಷ್ಟೆಂದರೆ ಮೂರು ಪಾಳಿಯಲ್ಲಿ ಕಲಿಯುತ್ತಾರೆ. ಮರದಡಿ ಕೂತ ಮೂರನೆಯ ಪಾಳಿಯವರಿಗೆ ಎರಡನೆಯ ಪಾಳಿಯವರ ಗದ್ದಲದಲ್ಲಿ ಎಷ್ಟು ಕೇಳಿಸಿತೋ ಅಷ್ಟೇ ವಿದ್ಯೆ. ಕಾರ್ಖಾನೆಗೆ ಎರಡು ಮಿನಿಬಸ್ಸು ಹಿಡಿಯಬೇಕು. ಕಸಾಮಾದಲ್ಲಿ ನೀನು ರಾತ್ರಿ ಪಾಳಿ ಮುಗಿಸಿ, ಬಿಸಿ ಬ್ರೆಡ್ಡು ಕಂಕುಳಲ್ಲಿಟ್ಟುಕೊಂಡು, ಅದು ಆರುವ ಮೊದಲು ಮನೆ ಸೇರುತ್ತಿದ್ದೆ. ಇಲ್ಲಿ ಬ್ರೆಡ್ಡು ಆರಿ, ಒಣಗಿ, ಬೂಸು ಹಿಡಿಯುವ ಹೊತ್ತಿಗೆ ಮನೆ ಸಿಗುತ್ತದೆ. ಒಳಗೆ ಹೋದರೆ ಮಕ್ಕಳು, "ಅಮ್ಮಾ, ಯಾರೋ ಬಂದಿದ್ದಾರೆ" ಅನ್ನುತ್ತವೆ.

ನಿನ್ನಂಥ ಹಳ್ಳಿಕೋತಿ ಇಲ್ಲಿ ಮೂರು ತಿಂಗಳು ಬದುಕಲಾರದು. ಬರಬೇಡ. ಬಂದರೆ ನಿನ್ನನ್ನು ಹೂಳುವ ಕೆಲಸ ನೆಂಟನಾದ ನನ್ನ ತಲೆಗೇ ಬರುತ್ತದೆ, ನನಗೆ ಸೊಂಟ ನೋವಿದೆ.

ಮೆಲಿಯಾ ಚರ್ಚಿನ ಮಹಿಳಾ ಕೂಟಕ್ಕೆ ಹೋಗಿದ್ದಾಳೆ. ಆಮೇಲೆ ಬರೆಯುತ್ತಾಳೆ.

ಅಂದಹಾಗೆ ಕಸಾಮಾ ಬಸ್ಸಿನ ಡ್ರೈವರ್ ಸಿಕ್ಕಿದ್ದ. ನಿಮ್ಮೂರಿನಲ್ಲಿ ಅವನಿಗೆ ಬ್ರೆಡ್ಡು ಸಿಗಲಿಲ್ಲವಂತೆ. ಏನು, ನೀನೇ ತಿಂದು ಮುಗಿಸುತ್ತಿದ್ದೀಯಾ?

ಯೋಟಾಮ್


ಕಸಾಮಾ
2 ಮೇ 1993

ಸೊಂಟ ನೋವಿನ ಸೇನಾಧಿಪತಿಗೆ,

ನಿನ್ನ ಕಾಗದವನ್ನು ಚೊಲಾ ಗಟ್ಟಿಯಾಗಿ ಓದಿದಳು. ಕೇಳಲು ಪಕ್ಕದ ಮನೆಯವರೂ ಬಂದರು. "ಯಾರೋ ಬಂದಿದ್ದಾರೆ" ಎಂಬಲ್ಲಿಗೆ ಬಂದಾಗ ಚಿಲುಫ್ಯಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಬಾಗಿಲ ಹಿಂದೆ ಅತ್ತೆಯೂ ನಕ್ಕದ್ದು ನನಗೆ ಕೇಳಿಸಿತು. ಹದಿಮೂರು ವರ್ಷದಲ್ಲಿ ಅವರ ನಗು ಕೇಳಿದ್ದು ಅದೇ ಮೊದಲು. ಸಣ್ಣ ಹುಡುಗಿಯ ನಗು.

ನೀನು ಇಷ್ಟು ಬೈಯುತ್ತಿದ್ದೀ ಎಂದ ಮೇಲೆ ಜಾಗ ಚೆನ್ನಾಗಿಯೇ ಇರಬೇಕು. ನನ್ನ ಮದುವೆಯಲ್ಲಿ ನನ್ನ ಹೆಂಡತಿಯನ್ನು ಒಣಗಿದ ಗೆಣಸು ಎಂದವನಲ್ಲವೆ ನೀನು. ಅದೇ ಲೆಕ್ಕದಲ್ಲಿ ನಿನ್ನ ಲುಸಾಕಾವನ್ನು ತಿರುಗಿಸಿ ಓದಿಕೊಂಡಿದ್ದೇವೆ. ನೀರು ಬರುತ್ತದೆ, ಗೋಡೆ ಗಟ್ಟಿ ಇದೆ, ನೆರೆಯವರು ಒಳ್ಳೆಯವರು.

ಡ್ರೈವರನ ಮಾತು ನಂಬಬೇಡ. ಅವನು ಏಳುವುದು ಎಂಟಕ್ಕೆ, ನಮ್ಮ ಬ್ರೆಡ್ಡು ಏಳಕ್ಕೇ ಖಾಲಿ.

ಮೆಲಿಯಾ ಬರೆಯದೆ ಇದ್ದುದಕ್ಕೆ ಚಿಲುಫ್ಯಾ ಒಂದು ಕಾರಣ ಹುಡುಕಿದ್ದಾಳೆ. ನೀವು ಊರು ಬಿಟ್ಟಾಗ ಬೀಳ್ಕೊಡುಗೆಯ ಅಡಿಗೆಗೆ ಮೆಲಿಯಾಳ ದೊಡ್ಡ ಅಲ್ಯೂಮಿನಿಯಂ ಪಾತ್ರೆ ತಂದಿದ್ದೆವು, ಅದು ಇಲ್ಲೇ ಉಳಿಯಿತು.

"ಅದಕ್ಕೇ ಅವಳಿಗೆ ಸಿಟ್ಟು. ಎರಡು ವರ್ಷ ಆಯ್ತು, ಪಾತ್ರೆ ಕೊಟ್ಟಿಲ್ಲ, ಮೇಲೆ ಇದ್ದಿಲಿನ ಬೆಲೆ ಬೇರೆ ಕೇಳ್ತೀನಿ. ನಾನಾಗಿದ್ರೂ ಬರೀತಿರಲಿಲ್ಲ."

ಪಾತ್ರೆಯನ್ನು ಬೂದಿ ಹಾಕಿ ಫಳಫಳ ತಿಕ್ಕಿ ಬಸ್ಸಿಗೆ ಹಾಕಿದ್ದಾಳೆ. ಒಳಗೆ ಒಣಗಿಸಿದ ಅಣಬೆ ಇದೆ. ಅಣಬೆ ಮೆಲಿಯಾಗೆ. ನಿನಗೆ ಪಾತ್ರೆಯ ಮುಚ್ಚಳ, ಇಲಿ ಮೇಲೆ ಕವುಚಿ ಹಾಕಲು.

ಅತ್ತೆ ಶಾಸ್ತ್ರದ ಮಾತು ಎತ್ತಿದ್ದಾರೆ. ಯಾರು ಯಾರು ಅಡಿಗೆಗೆ ಬರಬೇಕು ಎಂದು ಹೆಂಗಸರು ಕೂತು ಮಾತಾಡುತ್ತಿದ್ದಾರೆ. ನಮ್ಮ ಕಡೆ ಇಷ್ಟಾಯಿತು ಎಂದರೆ ಮುಕ್ಕಾಲು ಹೊರಟ ಹಾಗೆ.

ಲೊಂಬೆ


ಲುಸಾಕಾ
23 ಮೇ 1993

ಲೊಂಬೆ,

ಪಾತ್ರೆ ಬಂದು ತಲುಪಿತು. ಅಣಬೆಯೂ ಬಂತು. ಚಿಲುಫ್ಯಾಗೆ ನನ್ನ ವಂದನೆ ಹೇಳು.

ನೀನು ಮೊದಲು ಒಬ್ಬನೇ ಬಂದು ನೋಡುವುದು ಒಳ್ಳೆಯದು. ಮ್ಯಾನೇಜರಿಗೆ ಏನಾದರೂ ಹೇಳಿ ಒಪ್ಪಿಸುತ್ತೇನೆ. ಸಂಸಾರವನ್ನು ಈಗಲೇ ಕರೆತರಬೇಡ. ಅತ್ತೆಯವರು ಶಾಸ್ತ್ರದ ಅವಸರ ಮಾಡುವುದು ಬೇಡ. ಇದನ್ನು ತಮಾಷೆಗೆ ಬರೆಯುತ್ತಿಲ್ಲ.

ಎಲ್ಲರೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ.

ಯೋಟಾಮ್ ಜೇರೆ


ಕಸಾಮಾ
13 ಜೂನ್ 1993

ಶ್ರೀಯುತ ಯೋಟಾಮ್ ಜೇರೆ ಅವರಿಗೆ,

ತಮ್ಮ ಪತ್ರ ತಲುಪಿತು.

ಅದರಲ್ಲಿ ಕೋತಿ ಇರಲಿಲ್ಲ. ಮೊದಲು ನಾನು ಹಾಳೆಯ ಹಿಂಬದಿ ತಿರುಗಿಸಿ ನೋಡಿದೆ. ಆಮೇಲೆ ಬೇರೆ ಯಾರಾದರೂ ಬರೆದರೋ ಎಂದು ಅಕ್ಷರ ನೋಡಿದೆ. ತಮ್ಮದೇ ಅಕ್ಷರ. ನನ್ನ ಅಪ್ಪ ತೀರಿಕೊಂಡಾಗ ಅಗೆದ ಗುಂಡಿಗೆ ಇಳಿದು ಉದ್ದಕ್ಕೆ ಮಲಗಿ, "ಒಂದು ಮಡಕೆ ಬಿಯರ್ ಕೊಡದಿದ್ರೆ ನಾನು ಏಳಲ್ಲ, ಮುದುಕನನ್ನ ಬೇರೆ ಎಲ್ಲಾದ್ರೂ ಮಲಗಿಸ್ಕೊಳ್ಳಿ" ಎಂದವರು ತಾವು. ಅವತ್ತು ನನ್ನ ಅವ್ವ ಅಳುತ್ತಿದ್ದವಳು ನಕ್ಕಳು. ಸಾವಿನ ಮನೆಯಲ್ಲೂ ಬಿಡದ ಬೈಗುಳವನ್ನು ಈಗ ಬಿಟ್ಟಿದ್ದೀರಿ ಎಂದರೆ ನೆಂಟಸ್ತಿಕೆ ಮುಗಿಯಿತು ಎಂದೇ ಅರ್ಥ. ನಮ್ಮಲ್ಲಿ ಅದಕ್ಕೆ ಬೇರೆ ಅರ್ಥ ಇಲ್ಲ.

ಆ ಕೆಲಸ ಕೊಡಿಸುವುದಾಗಿ ತಮ್ಮ ಕಡೆಯ ಯಾರಿಗೋ ಮಾತು ಕೊಟ್ಟಿರಬೇಕು ಎಂದು ನನ್ನ ಊಹೆ. ಚಿಲುಫ್ಯಾ ಹಾಗೆ ಅನ್ನುವುದಿಲ್ಲ.

"ಮೆಲಿಯಾಗೆ ನಾವು ಬರೋದು ಇಷ್ಟ ಇಲ್ಲ, ಅಷ್ಟೇ. ಪಾತ್ರೆ ಸಿಕ್ತು, ಇನ್ನು ನಾವ್ಯಾಕೆ ಬೇಕು" ಅನ್ನುತ್ತಾಳೆ.

ಎರಡರಲ್ಲಿ ಯಾವುದಾದರೂ ನಮಗೆ ತೊಂದರೆಯಿಲ್ಲ. ನನಗೆ ಬೇರೆ ಕಡೆಯಿಂದಲೂ ಕರೆ ಇದೆ.

ತಿಳಿಸಬೇಕಾದ್ದು ಒಂದೇ. ತಮ್ಮ ಪತ್ರ ಬರುವ ಹಿಂದಿನ ಭಾನುವಾರ ಅತ್ತೆಯವರು ಶಾಸ್ತ್ರ ಮುಗಿಸಿದ್ದರು. ಕೋಳಿ, ಹುರುಳಿ, ಮೀನು ಎಲ್ಲ ಬೇಯಿಸಿ, ಒಂದೊಂದಾಗಿ ಮುಚ್ಚಳ ತೆಗೆದು ತೋರಿಸಿ, ಇನ್ನು ಇದನ್ನು ತಮ್ಮೆದುರೇ ಉಣ್ಣಬಹುದು ಎಂದು ನನ್ನನ್ನು ಒಳಗೆ ಕರೆದರು. ಮೊದಲ ಸಲ ನನ್ನ ಮುಖ ಸರಿಯಾಗಿ ನೋಡಿ ಅವರು ಅಂದದ್ದು: "ಗಿಡದ ಹಿಂದೆ ಇದ್ದಾಗ ಇನ್ನೂ ಉದ್ದ ಕಾಣ್ತಿದ್ದೆ."

ಒಮ್ಮೆ ಮಾಡಿದ ಶಾಸ್ತ್ರವನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ. ಇಲ್ಲಿಯ ಕಥೆ ಇಷ್ಟು.

ಲೊಂಬೆ ಕಸೊಂಡೆ


ಲುಸಾಕಾ
27 ಜೂನ್ 1993

ಲೊಂಬೆ, ಕೋತಿಯ ಮಗನೇ, ಕೋತಿಯ ಮೊಮ್ಮಗನೇ,

ಈಗ ಸಮಾಧಾನವಾಯಿತೆ? ಇನ್ನು ಕೂತು ಓದು. ಈ ಕಾಗದವನ್ನು ಚೊಲಾಳ ಕೈಯಲ್ಲಿ ಗಟ್ಟಿಯಾಗಿ ಓದಿಸಬೇಡ.

ಏಪ್ರಿಲಿನಲ್ಲಿ ನಾನು ಬರೆದದ್ದೆಲ್ಲ ನಿಜ. ಗೋಡೆ, ನಲ್ಲಿ, ಶಾಲೆ, ಮಿನಿಬಸ್ಸು, ಎಲ್ಲವೂ. ನೇರವಾಗಿ ಬರೆಯಲು ನಾಚಿಕೆಯಾಗಿ ಬೈಗುಳದಲ್ಲಿ ಸುತ್ತಿ ಕಳಿಸಿದೆ. ನೀವು ಬೈಗುಳವನ್ನು ತಿಂದು ಒಳಗಿದ್ದುದನ್ನು ಉಗಿದಿರಿ. ತಪ್ಪು ನಿಮ್ಮದಲ್ಲ. ಹನ್ನೊಂದು ವರ್ಷ ನಾನು ನಿನಗೆ ಒಂದಾದರೂ ನಿಜ ಹೇಳಿದ್ದರೆ ತಾನೆ.

"ಯಾರೋ ಬಂದಿದ್ದಾರೆ" ಎಂದದ್ದು ನನ್ನ ಕಿರಿಯವನು. ಮೆಲಿಯಾ ನಗಲಿಲ್ಲ. ಸಂಬಳ ಎರಡು ಪಟ್ಟು ಆಯಿತು, ಆ ಎರಡನೆಯ ಪಟ್ಟು ಬಸ್ಸು, ನೀರು, ಇದ್ದಿಲು ಎಂದು ಹೋಯಿತು. ಅದನ್ನು ತುಂಬಿಸಲು ನಾನು ಎರಡು ಪಾಳಿ ಮಾಡಿದೆ. ಚಿಲುಫ್ಯಾ ಕೇಳಿದ್ದಳಲ್ಲ, ಇಡೀ ಗಂಡನೋ ಅರ್ಧ ಗಂಡನೋ ಎಂದು. ಅರ್ಧವೂ ಅಲ್ಲ, ಕಾಲು. ಹೋದ ವರ್ಷ ಜೂನಿನಲ್ಲಿ ಮೆಲಿಯಾ ಹುಡುಗರಿಬ್ಬರನ್ನೂ ಕರೆದುಕೊಂಡು ಚಿಪಾಟಾಕ್ಕೆ, ಅವಳ ಅಣ್ಣನ ಮನೆಗೆ ಹೋದಳು. ಜಗಳ ಆಗಲಿಲ್ಲ. "ನೀನು ಮನೆಗೆ ಬಂದಾಗ ಹೇಳಿ ಕಳಿಸು, ನಾವೂ ಬರ್ತೀವಿ" ಎಂದಳು. ನಾನು ಇದೇ ಮನೆಯಲ್ಲಿ ಇದ್ದೇನೆ, ಆದರೆ ಅವಳು ಕೇಳಿದ್ದು ಅದನ್ನಲ್ಲ.

ಮೆಲಿಯಾ ಹಳ್ಳಿಯಲ್ಲಿ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುತ್ತಿದ್ದಾಳೆ ಎಂದು ಮ್ಯಾನೇಜರಿಗೆ ಹೇಳಿದ್ದೇನೆ. ನಿನಗೆ ಚರ್ಚಿನ ಕೂಟ ಎಂದೆ.

ಪಾತ್ರೆ ಬಂದ ದಿನ ಅದನ್ನು ತಲೆ ಮೇಲೆ ಹೊತ್ತು ಬೀದಿಯಲ್ಲಿ ಬರುತ್ತಿದ್ದೆ. ಪಕ್ಕದ ಮನೆಯವಳು ಕೇಳಿದಳು, "ಮನೆಯವ್ರು ವಾಪಸು ಬಂದ್ರಾ?" ಇಷ್ಟು ದೊಡ್ಡ ಪಾತ್ರೆಯಲ್ಲಿ ಒಬ್ಬನಿಗೆ ಅಡಿಗೆ ಮಾಡುವವರು ಇಲ್ಲವಲ್ಲ. ಆ ಸಂಜೆ ನಿನಗೆ ಬೈದು ಬರೆಯಲು ಕೂತೆ, ಬರಲಿಲ್ಲ. ಬಂದಷ್ಟು ಬರೆದು ಕಳಿಸಿದೆ.

ಮತ್ತೆ ನಿನ್ನನ್ನು ಯಾಕೆ ಕರೆದೆ ಎಂದು ಕೇಳುತ್ತೀಯ. ಈ ಬೀದಿಯಲ್ಲಿ ಬೆಂಬಾದವರು ಬೇಕಾದಷ್ಟು ಜನ ಇದ್ದಾರೆ, ಸಿಕ್ಕಲ್ಲೆಲ್ಲ ಬೈಯುತ್ತಾರೆ. ಆದರೆ ಅವರು ಬೈಯುವುದು ಅಂಗೋನಿಯನ್ನು. ಯೋಟಾಮನನ್ನು ಬೈಯುವವರು ಒಬ್ಬರೂ ಇಲ್ಲ.

ಕೆಲಸ ಇನ್ನೂ ಖಾಲಿ ಇದೆ, ಯಾರಿಗೂ ಮಾತು ಕೊಟ್ಟಿಲ್ಲ. ಸಂಬಳದ ಮಾತು ನಿಜ. ನಿನಗೆ ಅಲ್ಲಿ ಒಳ್ಳೆಯ ಭಟ್ಟಿ ಇದೆ, ಬಿಡಲೊಪ್ಪದ ಯಜಮಾನರಿದ್ದಾರೆ, ಆರುವ ಮೊದಲು ಬ್ರೆಡ್ಡು ಮುಟ್ಟುವ ಮನೆ ಇದೆ. ಸರಿಯಾಗಿ ತೂಗು. ನಾನಾಗಿದ್ದರೆ ಬರುತ್ತಿರಲಿಲ್ಲ.

ಯೋಟಾಮ್


ಕಸಾಮಾ
11 ಜುಲೈ 1993

ಅಂಗೋನಿ ದಂಡಿನ ವೀರರೇ, ಇಲಿ ಬೇಟೆಯ ಶೂರರೇ, ಮಟೇರೋ ಬೀದಿಯ ಏಕಸದಸ್ಯ ಮಹಾಸಭೆಯೇ,

ಬೆಂಬಾ ಪರಿಷತ್ತು ಕೂತು, ಕಾಗದವನ್ನು ಮೆಲ್ಲಗೆ ಓದಿ, ಕೆಳಗಿನಂತೆ ತೀರ್ಮಾನಿಸಿದೆ.

ಚಿಲುಫ್ಯಾ ಮೂರು ದಿನ ನನ್ನೊಡನೆ ಮಾತಾಡಲಿಲ್ಲ, ನಿನ್ನ ಮೇಲಿನ ಸಿಟ್ಟಿಗೆ. ನಾಲ್ಕನೆಯ ದಿನ ಚಿಪಾಟಾಕ್ಕೆ ಮೆಲಿಯಾಗೆ ತಾನೇ ಬರೆದು ಹಾಕಿದಳು. ಏನು ಬರೆದೆ ಎಂದು ಕೇಳಿದರೆ, "ನೀವಿಬ್ಬರೂ ತಿಂಗಳುಗಟ್ಲೆ ಬರೆದು ಏನು ಕಿಸಿದ್ರಿ ಅಂತ ನಿಮಗೆ ಹೇಳಬೇಕು?" ಎಂದಳು. ನನಗೂ ತೋರಿಸಲಿಲ್ಲ.

ಆಮೇಲೆ ತನ್ನ ಷರತ್ತು ಇಟ್ಟಳು. "ಎರಡು ಪಾಳಿ ಅಂತ ನಿಮ್ಮ ಬಾಯಲ್ಲಿ ಬಂದ ದಿನ ನಾನು ಮಕ್ಕಳನ್ನ ಕಟ್ಕೊಂಡು ವಾಪಸು ಬಸ್ ಹತ್ತೋದೇ. ಅಮ್ಮನೂ ಬರ್ತಾಳೆ ನನ್ನ ಜೊತೆ. ನಿಮಗೆ ಯೋಟಾಮ್ ಇರ್ತಾನೆ, ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂತ್ಕೊಳ್ಳಿ."

ಅತ್ತೆ ಈಗ ನನ್ನೆದುರೇ ಮಾತಾಡುತ್ತಾರೆ, ನಿಲ್ಲಿಸುವುದೇ ಇಲ್ಲ. ಗೋಡೆ ತೆಳುವಾಗಿದ್ದರೆ ಒಳ್ಳೆಯದೇ, ಅಳಿಯ ಮನೆಗೆ ಬಂದನೋ ಇಲ್ಲವೋ ತಮಗೂ ಗೊತ್ತಾಗುತ್ತದೆ ಎಂದರು.

ಇಪ್ಪತ್ತನಾಲ್ಕನೆಯ ತಾರೀಕು ಶನಿವಾರದ ಬಸ್ಸಿಗೆ ಐದೂ ಜನ ಹೊರಡುತ್ತೇವೆ. ನಾನು, ಚಿಲುಫ್ಯಾ, ಅತ್ತೆ, ಚೊಲಾ, ಸಣ್ಣವನು. ಮ್ಯಾನೇಜರಿಗೆ ಹೇಳು. ನಿಲ್ದಾಣಕ್ಕೆ ಬಾ. ಬರುವಾಗ ಬೈಗುಳಗಳನ್ನು ಒರೆಸಿ ಇಟ್ಟುಕೊಂಡಿರು, ಎದುರು ನಿಂತು ಬೈದು ಎರಡು ವರ್ಷ ಆಯಿತು, ತುಕ್ಕು ಹಿಡಿದಿರಬೇಕು.

ನೀನು ಸರಿಯಾಗಿ ತೂಗು ಎಂದೆ. ಒಳ್ಳೆಯ ಭಟ್ಟಿ, ಒಳ್ಳೆಯ ಯಜಮಾನರು, ಕಂಕುಳಲ್ಲಿ ಬಿಸಿ ಬ್ರೆಡ್ಡು ಎಂದು ಬರೆದೆ. ಅದನ್ನು ಓದಿದ ಮೇಲೆ ಈ ಆಟ ನನ್ನಿಂದ ಮುಂದುವರಿಸಲು ಆಗುತ್ತಿಲ್ಲ.

ಯೋಟಾಮ್, ನಮ್ಮ ಭಟ್ಟಿ ಫೆಬ್ರವರಿಯಲ್ಲೇ ಆರಿತು. ಯಜಮಾನರು ಬಾಗಿಲಿಗೆ ಬೀಗ ಹಾಕಿ ಊರು ಬಿಟ್ಟರು. ನಿನ್ನ ಮೊದಲ ಕಾಗದ ಬಂದಾಗ ನನ್ನ ಕೈಯಲ್ಲಿ ಹಿಟ್ಟಿರಲಿಲ್ಲ. ಚಿಲುಫ್ಯಾ ಶಾಲೆಯ ಮುಂದೆ ಕರಿದ ಬನ್ನು ಮಾರುತ್ತಾಳೆ, ಐದು ಜನ ಅದರಲ್ಲೇ ಉಣ್ಣುತ್ತಿದ್ದೇವೆ. ಬೇರೆ ಯಾವ ಕಡೆಯಿಂದಲೂ ಕರೆ ಇರಲಿಲ್ಲ. ಯೋಚಿಸಿದವಳು ಅವಳೊಬ್ಬಳೇ. ಬರಲೋ ಬೇಡವೋ ಎಂದು ನಾನು ಒಂದು ದಿನವೂ ಯೋಚಿಸಿಲ್ಲ.

ಲೊಂಬೆ